ಮಗಳಿಗೆ ‘ಬ್ರೀಡ್’ ಅಂತ ಹೆಸರಿಡುವ ಆಸೆ, ಅತ್ತೆಗೆ ಇಷ್ಟವಿಲ್ಲ. ನೀವೇನಂತೀರಿ?

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಒಂಬತ್ತು ವರ್ಷದಿಂದ ಐರ್ಲೆಂಡಿನ ಗಾಲ್ವೇಯಲ್ಲಿದ್ದೇನೆ. ನನ್ನ ಗಂಡ ಇಲ್ಲಿಯವರೇ, ಕಾನಮಾರಾದವರು. ಏಪ್ರಿಲ್‌ನಲ್ಲಿ ನಮಗೆ ಮೊದಲ ಮಗು. ಹೆಣ್ಣು ಮಗು ಅಂತ ಗೊತ್ತಾಗಿದೆ.

ಮಗಳಿಗೆ ಬ್ರೀಡ್ ಅಂತ ಹೆಸರಿಡಬೇಕು ಅಂತ ನನ್ನ ಆಸೆ. ಅದು ನನ್ನ ಗಂಡನ ಅಜ್ಜಿಯ ಹೆಸರು, ಬ್ರಿಜಿಡ್ ಅಥವಾ ಬ್ರಿಜೆಟ್ ಅನ್ನುವುದರ ಐರಿಷ್ ರೂಪ. ಅಜ್ಜಿ ಹುಟ್ಟಿದ್ದು 1932ರಲ್ಲಿ. ಮನೆಮಾತು ಐರಿಷ್. ನಾನು ಮದುವೆಯಾಗಿ ಬಂದಾಗ ನನ್ನನ್ನು ಮೊದಲು ಪಕ್ಕದಲ್ಲಿ ಕೂರಿಸಿಕೊಂಡವರು ಅವರೇ. ನನ್ನ ಇಂಗ್ಲಿಷ್ ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ. ಒಂದು ಜನವರಿ 31ರ ಸಂಜೆ ಅಡುಗೆಮನೆ ಮೇಜಿನ ಮೇಲೆ ಒದ್ದೆ ಜೊಂಡುಹುಲ್ಲಿನ ಕಟ್ಟು ಇಟ್ಟು ನನ್ನನ್ನು ಕರೆದರು. ಮಾರನೇ ದಿನ ಸಂತ ಬ್ರಿಜಿಡ್ ಹಬ್ಬ. ಹಿಂದಿನ ರಾತ್ರಿ ಜೊಂಡಿನಲ್ಲಿ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ, ಮನೆಗೆ ಬೆಂಕಿ ಬೀಳದಿರಲಿ ಅಂತ. ಜೊಂಡನ್ನು ಕೊಯ್ಯಬಾರದು, ಕೈಯಿಂದ ಕೀಳಬೇಕಂತೆ. ಒಂದು ಕಡ್ಡಿ ನೆಟ್ಟಗೆ ಹಿಡಿದು, ಇನ್ನೊಂದನ್ನು ನಡುವಿಗೆ ಮಡಚಿ ಅದರ ಮೇಲೆ ಹಾಕಬೇಕು. ಕಾಲು ಸುತ್ತು ತಿರುಗಿಸಬೇಕು. ಮತ್ತೆ ಮಡಚಬೇಕು. ನನ್ನದು ಪ್ರತಿ ಸಲ ನಡುವಲ್ಲಿ ಸಡಿಲವಾಗುತ್ತಿತ್ತು. ಅಜ್ಜಿ ನನ್ನ ಎಡಗೈ ಹೆಬ್ಬೆರಳನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಊರಲ್ಲಿ ನನ್ನಜ್ಜಿ ಚಾಪೆ ಹೆಣೆಯೋದು ಕಲಿಸುವಾಗ ಹೀಗೇ ಒತ್ತುತ್ತಿದ್ದರು. ಅವತ್ತು ಅಳು ತಡೆದುಕೊಳ್ಳೋದು ಕಷ್ಟವಾಯಿತು.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಆ ಹೆಸರು ಮತ್ತೆ ಮನೆಯಲ್ಲಿ ಕೇಳಿಸಬೇಕು ಅನ್ನಿಸುತ್ತದೆ. ಗಂಡನಿಗೂ ಇಷ್ಟ. ಆದರೆ ಅತ್ತೆ, ಅಂದರೆ ಆ ಅಜ್ಜಿಯ ಸ್ವಂತ ಮಗಳು, ಕೇಳಿದ ತಕ್ಷಣ ಮುಖ ಬಿಗಿ ಮಾಡಿಕೊಂಡರು. “ಅದು ಮುದುಕಿಯರ ಹೆಸರು. ಮಗುವಿಗೆ ಯಾಕೆ?” ಅಂದು ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ತಾಯಿ ಅಂದರೆ ಪ್ರಾಣ ಬಿಡುತ್ತಿದ್ದವರು ಇವರು. ನನಗೆ ಅರ್ಥವೇ ಆಗಲಿಲ್ಲ.

ಇಲ್ಲಿ ಇರುವವರು, ಈ ಹೆಸರಿನವರನ್ನು ಬಲ್ಲವರು ಹೇಳಿ. ಈ ಹೆಸರು ಕೇಳಿದರೆ ನಿಮಗೆ ಏನನ್ನಿಸುತ್ತದೆ?

ಹಾಸನದ ರವಿ:

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಿವಿಗೆ ಬ್ರೀಡ್ ಅಂದರೆ ನಾಯಿ ತಳಿ. ಊರಿಗೆ ಕರೆದುಕೊಂಡು ಬಂದಾಗ ಮಕ್ಕಳೆಲ್ಲ ಅದನ್ನೇ ಹಿಡಿದು ರೇಗಿಸುತ್ತಾರೆ. ಹೆಸರು ಮಗುವಿಗೆ ಇಡೋದು, ತೀರಿಕೊಂಡವರಿಗಲ್ಲ.

ಕಾರ್ಕ್ ಕಿರಣ್:

ರವಿ ಅವರೇ, ಮಗು ಬೆಳೆಯೋದು ಗಾಲ್ವೇಯಲ್ಲಿ. ಅಲ್ಲಿ ಯಾರಿಗೂ ನಾಯಿ ನೆನಪಾಗಲ್ಲ. ನಾನು ಇಲ್ಲಿ ಕಾರ್ಕ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ನಮ್ಮ ಆಫೀಸಿನಲ್ಲಿ ಒಬ್ಬರು ಬ್ರೀಡ್ ಇದ್ದಾರೆ, ಐವತ್ತು ದಾಟಿದವರು. ಎಲ್ಲರೂ ಗೌರವದಿಂದ ಕರೆಯುತ್ತಾರೆ. ಆದರೆ ಒಂದು ಮಾತು ನಿಜ, ಚಿಕ್ಕ ವಯಸ್ಸಿನ ಬ್ರೀಡ್ ಒಬ್ಬಳನ್ನೂ ನಾನು ನೋಡಿಲ್ಲ. ಈಗ ಎಲ್ಲ ಕಡೆ ಫೀಯ, ನೀವ್, ಕ್ವೀವ. 2021ರಲ್ಲಿ ಇಡೀ ದೇಶದಲ್ಲಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರೇ ಫೀಯ.

ತೀರ್ಥಹಳ್ಳಿ ಹುಡುಗಿ:

ಕಿರಣ್, ನಿಮ್ಮ ಕಡೆ ಅದನ್ನು ನೇರವಾಗಿ ‘ಬ್ರೀಡ್’ ಅಂತಾರಾ? ನಮ್ಮ ಕಾನಮಾರಾದಲ್ಲಿ ಕೊನೆಯ ಅಕ್ಷರ ನಾಲಗೆಯ ಮೇಲೆ ಮೆತ್ತಗಾಗುತ್ತದೆ. ಬಹುತೇಕ ‘ಬ್ರೀಜ್’ ಅಂತ ಕೇಳಿಸುತ್ತದೆ. ರವಿ ಅವರಿಗೆ ಇದೇ ಉತ್ತರ. ನಮ್ಮ ಮನೆಯಲ್ಲಿ ಕರೆದರೆ ನಾಯಿ ತಳಿ ಯಾರಿಗೂ ಹೊಳೆಯಲ್ಲ.

ಕಾರ್ಕ್ ಕಿರಣ್:

ಹೌದು, ದಕ್ಷಿಣದಲ್ಲಿ ಡಕಾರ ಚೆನ್ನಾಗಿ ಕೇಳಿಸುತ್ತದೆ. ಪಶ್ಚಿಮದಲ್ಲಿ, ಉತ್ತರದಲ್ಲಿ ಜಕಾರದ ಕಡೆ ಹೋಗುತ್ತದೆ. ಒಂದೇ ಹೆಸರು, ಒಂದೇ ಕಾಗುಣಿತ. ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ.

ಪದಗಳ ಬೆನ್ನುಹತ್ತಿ:

ಈ ಹೆಸರಿನ ಬಗ್ಗೆ ಒಂದು ಸಂಗತಿ ಹೇಳದೆ ಇರಲಾರೆ. ಬ್ರಿಜಿಡ್ ಅನ್ನೋದು ಹಳೆಯ ಕೆಲ್ಟಿಕ್ ಭಾಷೆಯ ‘ಬ್ರಿಗಂತಿ’ಯಿಂದ ಬಂದದ್ದು. ಎತ್ತರದವಳು, ಹಿರಿಯಳು ಅಂತ ಅರ್ಥ. ಅದೇ ಬೇರಿನಿಂದ ಸಂಸ್ಕೃತದಲ್ಲಿ ಬಂದದ್ದು ‘ಬೃಹತೀ’. ನಾವು ದಿನಾ ಹೇಳುವ ‘ಬೃಹತ್’ ಇದೆಯಲ್ಲ, ಅದೇ. ಇದು ಸುಮ್ನೆ ಸದ್ದು ಹೊಂದಿಸಿ ಕಟ್ಟಿದ ಕತೆಯಲ್ಲ. ಭಾಷಾಶಾಸ್ತ್ರದವರು ಒಪ್ಪಿದ ನಂಟು.

ಬೃಹತೀ ಅನ್ನೋದು ವೇದದ ಒಂದು ಛಂದಸ್ಸಿನ ಹೆಸರು ಕೂಡ, 36 ಅಕ್ಷರದ್ದು. ಆ ಕಡೆ ಐರಿಷ್ ಹಳೆಯ ಗ್ರಂಥದಲ್ಲಿ ಬ್ರಿಜಿಡ್ ಅಂದರೆ ಕವಿಗಳು ಪೂಜಿಸುತ್ತಿದ್ದ ದೇವಿ. ದಗ್ದ ಅನ್ನುವ ದೇವರ ಮಗಳು. ಅವಳಿಗೆ ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು, ಒಬ್ಬಳು ವೈದ್ಯದ ದೇವಿ, ಒಬ್ಬಳು ಕಮ್ಮಾರಿಕೆಯ ದೇವಿ. ಛಂದಸ್ಸಿಗೂ ಕವಿಗಳ ದೇವಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೆಸರಿನ ಬೇರು ಒಂದೇ.

ಹಾಸನದ ರವಿ:

ಎಲ್ಲದಕ್ಕೂ ಸಂಸ್ಕೃತ ತಂದು ಅಂಟಿಸೋದು ನಮ್ಮವರ ಅಭ್ಯಾಸ.

ಪದಗಳ ಬೆನ್ನುಹತ್ತಿ:

ಅಂಟಿಸುತ್ತಿಲ್ಲ ರವಿ. ಐರಿಷ್ ಪದ ಸಂಸ್ಕೃತದಿಂದ ಹುಟ್ಟಿತು ಅಂತ ನಾನು ಹೇಳಲಿಲ್ಲ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು ಅಂತ ಹೇಳಿದೆ. ಅದು ಬೇರೆ, ಇದು ಬೇರೆ.

ಕುಡ್ಲದ ಪ್ರೀತಿ:

ನಮ್ಮಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಬ್ರಿಜಿತ್ ಅನ್ನೋ ಹೆಸರು ಇತ್ತು. ನನ್ನ ದೊಡ್ಡಮ್ಮ ಬ್ರಿಜಿತ್. ಕೊಂಕಣಿಯಲ್ಲಿ ಎಲ್ಲರೂ ಬ್ರಿಜ್ಜಿಬಾಯಿ ಅಂತ ಕರೆಯುತ್ತಿದ್ದರು. ಭಾನುವಾರ ಪೂಜೆ ಮುಗಿಸಿ ಬಂದು, ಸೀರೆ ಕೂಡ ಬದಲಿಸದೆ ಸನ್ನಾಸ್‌ಗೆ (ಶೇಂದಿ ಹಾಕಿ ಹುದುಗಿಸುವ, ಇಡ್ಲಿಯಂಥ ತಿಂಡಿ) ಹಿಟ್ಟು ಹುಯ್ಯುತ್ತಿದ್ದ ಹೆಂಗಸು. ಈಗ ನಮ್ಮ ಮನೆಯಲ್ಲಿ ಆ ಹೆಸರಿನ ಒಂದು ಮಗುವೂ ಇಲ್ಲ. ನಿಮ್ಮ ಬರಹ ಓದಿ ದೊಡ್ಡಮ್ಮನ ಕೈಯ ಶೇಂದಿ ವಾಸನೆ ಮೂಗಿಗೆ ಬಂತು. ಹೆಸರಿಡಿ ಅಕ್ಕಾ.

ಡಬ್ಲಿನ್ ಶ್ರೀಧರ:

ಪ್ರೀತಿ ಅವರೇ, ಒಂದು ಸಣ್ಣ ತಿದ್ದುಪಡಿ. ಬ್ರಿಜಿಡ್ ಅನ್ನುವ ಸಂತರು ಇಬ್ಬರಿದ್ದಾರೆ. ಒಬ್ಬರು ಐರ್ಲೆಂಡಿನ ಕಿಲ್ಡೇರ್‌ನವರು, ಐದು-ಆರನೇ ಶತಮಾನದವರು. ಇನ್ನೊಬ್ಬರು ಸ್ವೀಡನ್ನಿನ ಬಿರ್ಗಿತ್ತಾ, 1303ರಿಂದ 1373. ನಿಮ್ಮ ದೊಡ್ಡಮ್ಮನ ಹೆಸರು ಇಬ್ಬರಲ್ಲಿ ಯಾರದ್ದೂ ಆಗಿರಬಹುದು. ಹುಟ್ಟಿದ ದಿನ ಫೆಬ್ರವರಿ 1ರ ಹತ್ತಿರ ಇದ್ದರೆ ಐರ್ಲೆಂಡಿನವರದ್ದು ಅಂತ ಊಹಿಸಬಹುದು.

ಕುಡ್ಲದ ಪ್ರೀತಿ:

ಅಯ್ಯೋ, ದೊಡ್ಡಮ್ಮ ಹುಟ್ಟಿದ್ದು ಜುಲೈಯಲ್ಲಿ! ಸ್ವೀಡನ್ನಿನವರ ಹಬ್ಬವೂ ಜುಲೈ ಅಲ್ವಾ? ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳುತ್ತೇನೆ.

ಡಬ್ಲಿನ್ ಶ್ರೀಧರ:

ಹೌದು, ಜುಲೈ 23.

ಕಿಲ್ಡೇರ್ ಬ್ರಿಜಿಡ್ ಬಗ್ಗೆ ನಮ್ಮವರಿಗೆ ಇಷ್ಟವಾಗುವ ಒಂದು ಕತೆ ಇದೆ. ಆಶ್ರಮ ಕಟ್ಟೋಕೆ ಜಾಗ ಬೇಕು ಅಂತ ರಾಜನನ್ನು ಕೇಳಿದಳಂತೆ. ಅವನು ಕೊಡಲಿಲ್ಲ. “ನನ್ನ ಮೇಲುಹೊದಿಕೆ ಎಷ್ಟು ಮುಚ್ಚುತ್ತದೋ ಅಷ್ಟೇ ಕೊಡು” ಅಂದಳು. ರಾಜ ನಕ್ಕು ಒಪ್ಪಿದ. ಹೊದಿಕೆ ಹಾಸಿದರೆ ಅದು ಹರಡುತ್ತಾ ಹರಡುತ್ತಾ ಇಡೀ ಬಯಲು ಮುಚ್ಚಿತು. ಆ ಬಯಲು ಈಗಲೂ ಇದೆ, ಕರ್ರಾ ಅಂತ. ಕುದುರೆ ಓಟಕ್ಕೆ ಹೆಸರುವಾಸಿ. ಈ ಕತೆಯನ್ನು ನಮ್ಮಮ್ಮನಿಗೆ ಹೇಳಿದೆ. “ಇದು ವಾಮನನ ಕತೆಯೇ ಕಣೋ, ಕಾಲಿನ ಬದಲು ಶಾಲು” ಅಂದರು.

ನಂಜನಗೂಡು ರಸಬಾಳೆ:

ನಿಮ್ಮಮ್ಮ ಹೇಳಿದ್ದು ಎಷ್ಟು ಚೆನ್ನಾಗಿದೆ! ಒಂದೇ ವ್ಯತ್ಯಾಸ, ಇಲ್ಲಿ ಬಲಿಯನ್ನು ಯಾರೂ ತುಳಿಯಲಿಲ್ಲ.

ಲಿಮರಿಕ್ ಶೋಭಾ:

ನಾನು ನರ್ಸ್. ವಯಸ್ಸಾದವರ ಆರೈಕೆ ಮಾಡುವ ಒಂದು ಮನೆಯಲ್ಲಿ ಏಳು ವರ್ಷದಿಂದ ಕೆಲಸ. ನಮ್ಮ ಒಂದೇ ಕಾರಿಡಾರಿನಲ್ಲಿ ಒಂದು ಕಾಲಕ್ಕೆ ಬ್ರೈಡಿ, ಬ್ರೀಡಾ, ಬ್ರೀಡ್, ಡೀಲಿಯಾ ಇದ್ದರು. ಡೀಲಿಯಾ ಕೂಡ ಬ್ರಿಜೆಟ್ ಹೆಸರಿನದೇ ಇನ್ನೊಂದು ರೂಪ ಅಂತ ಆಮೇಲೆ ಗೊತ್ತಾಯಿತು. ನಾಲ್ಕು ಬಾಗಿಲು, ಒಂದೇ ಹೆಸರು.

ಅವರಲ್ಲಿ ಒಬ್ಬರಿಗೆ ಮರೆವಿನ ಕಾಯಿಲೆ. ಫೈಲಿನಲ್ಲಿ ಬ್ರಿಜೆಟ್ ಅಂತ ಇತ್ತು. ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅವರು ತಿರುಗುತ್ತಿರಲಿಲ್ಲ. ಕಿವಿ ಕೇಳಲ್ಲ ಅಂತ ಬರೆದಿಟ್ಟಿದ್ದರು. ಒಂದು ದಿನ ಅವರ ತಮ್ಮ ನೋಡೋಕೆ ಬಂದರು. ಅವರಿಗೂ ಎಂಬತ್ತರ ಮೇಲೆ. ಬಾಗಿಲಲ್ಲಿ ನಿಂತು ಮೆಲ್ಲಗೆ “ಎ ವ್ರೀಡ್” ಅಂದರು. ಐರಿಷಿನಲ್ಲಿ ಕರೆಯುವಾಗ ಹೆಸರಿನ ಮೊದಲಕ್ಷರ ಮೆತ್ತಗಾಗುತ್ತದಂತೆ, ಬಕಾರ ಹೋಗಿ ವಕಾರ. ಆ ಅಜ್ಜಿ ಚಮಚ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಕಿವಿ ಚೆನ್ನಾಗಿಯೇ ಇತ್ತು. ಅವತ್ತಿನಿಂದ ನಾನೂ ಹಾಗೇ ಕರೆದೆ. ನನ್ನ ಉಚ್ಚಾರ ಸರಿಯಿತ್ತೋ ಇಲ್ಲವೋ, ಅವರು ತಿರುಗುತ್ತಿದ್ದರು.

ತೀರ್ಥಹಳ್ಳಿ ಅವರೇ, ನಿಮ್ಮ ಅತ್ತೆ ‘ಮುದುಕಿಯರ ಹೆಸರು’ ಅಂದದ್ದು ಪೂರ್ತಿ ಕಾರಣ ಅಲ್ಲ ಅಂತ ನನಗನ್ನಿಸುತ್ತದೆ. ಕೇಳಿ ನೋಡಿ. ಈ ವಯಸ್ಸಿನವರಿಗೆ ‘ಬಿಡ್ಡಿ’ ಅನ್ನೋ ಪದ ತುಂಬಾ ನೋವು ಕೊಟ್ಟಿದೆ.

ಹಾಸನದ ರವಿ:

ಬಿಡ್ಡಿ ಅಂದರೆ?

ಡಬ್ಲಿನ್ ಶ್ರೀಧರ:

ಬ್ರಿಜೆಟ್‌ನ ಮುದ್ದಿನ ಹೆಸರು. ಮೊದಲು ಮುದ್ದಾಗಿಯೇ ಇತ್ತು. ಕೆರ್ರಿ ಕಡೆ ಈಗಲೂ ಬ್ರಿಜಿಡ್ ಹಬ್ಬಕ್ಕೆ ಹುಲ್ಲಿನ ವೇಷ ಹಾಕಿ, ಗೊಂಬೆ ಹಿಡಿದು ಮನೆಮನೆಗೆ ಹೋಗುವವರನ್ನು ಬಿಡ್ಡಿಗಳು ಅಂತಾರೆ. ಅದರಲ್ಲಿ ಬೈಗುಳ ಇಲ್ಲ.

ಕೆಟ್ಟದ್ದು ಆದದ್ದು ಹೊರಗೆ. 1845ರ ನಂತರ ಆಲೂಗಡ್ಡೆ ಕೊಳೆರೋಗದಿಂದ ದೊಡ್ಡ ಬರ ಬಂತಲ್ಲ, ಆಗ ಲಕ್ಷಗಟ್ಟಲೆ ಜನ ಅಮೆರಿಕಕ್ಕೆ ಹೋದರು. ಬಾಸ್ಟನ್, ನ್ಯೂಯಾರ್ಕ್ ಮನೆಗಳಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಐರಿಷ್ ಹುಡುಗಿಯರೇ ಜಾಸ್ತಿ. ಆ ಹುಡುಗಿಯರಲ್ಲಿ ಬ್ರಿಜೆಟ್‌ಗಳು ತುಂಬಾ. ಹಾಗಾಗಿ ಅಲ್ಲಿ ಮನೆಕೆಲಸದವಳು ಅಂದರೆ ‘ಬ್ರಿಜೆಟ್’, ‘ಬಿಡ್ಡಿ’ ಅಂತಲೇ ಆಯಿತು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬರೆದರು, ದಪ್ಪ ಕೈ, ಒರಟು ಮುಖ, ಪಾತ್ರೆ ಒಡೆಯುವವಳು ಅಂತ. ಅವಮಾನ ತಾಳಲಾರದೆ ಎಷ್ಟೋ ಹುಡುಗಿಯರು ಹೆಸರನ್ನೇ ಬದಲಿಸಿಕೊಂಡರು. ಡೀಲಿಯಾ ಅಂತ, ಬರ್ತಾ ಅಂತ. ಇಂಗ್ಲಿಷಿನಲ್ಲಿ ಇವತ್ತಿಗೂ ‘ಓಲ್ಡ್ ಬಿಡ್ಡಿ’ ಅಂದರೆ ಗೊಣಗುವ ಮುದುಕಿ.

ಕೋಲಾರದ ಚಿನ್ನಮ್ಮನ ಮೊಮ್ಮಗ:

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಅಮ್ಮನ ಅಮ್ಮನ ಹೆಸರು ಮುನಿಯಮ್ಮ. ಮುನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವರು, ಅದಕ್ಕೆ ಆ ಹೆಸರು. ನಾಲ್ಕು ಎಕರೆ ರಾಗಿ ಹೊಲವನ್ನು ಒಬ್ಬರೇ ನಿಭಾಯಿಸಿದ ಹೆಂಗಸು. ನಾನು ಬೆಂಗಳೂರಿಗೆ ಓದೋಕೆ ಬಂದಾಗ ಜೋಕುಗಳಲ್ಲಿ, ಮಿಮಿಕ್ರಿಯಲ್ಲಿ ಮನೆಕೆಲಸದವಳು ಅಂದರೆ ಮುನಿಯಮ್ಮ. ಹಾಸ್ಟೆಲಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಾ ಕೂತಿದ್ದೆ. ಅಜ್ಜಿಯ ಹೆಸರು ಏನು ಅಂತ ಯಾರಾದರೂ ಕೇಳಿದರೆ ‘ಮುನಿರತ್ನ’ ಅಂತ ಸುಳ್ಳು ಹೇಳುತ್ತಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಮನೆಕೆಲಸ ಮಾಡೋದು ಅವಮಾನವಲ್ಲ. ಒಂದು ಊರಿನ, ಒಂದು ಜಾತಿಯ ಹೆಂಗಸರ ಹೆಸರನ್ನೇ ತಮಾಷೆ ಮಾಡೋದು ಅವಮಾನ. ಅಕ್ಕಾ, ನಿಮ್ಮ ಅತ್ತೆಗೆ ಹೆಸರಿನ ಮೇಲೆ ಕೋಪ ಇರಲಿಕ್ಕಿಲ್ಲ.

ಸಾಧನಕೇರಿ ಸುಮಾ:

ಮುನಿಯಮ್ಮನ ಮೊಮ್ಮಗನಿಗೆ ನಮಸ್ಕಾರ. ಭಾಳ ಛಲೋ ಬರೆದಿರಿ.

ನಮ್ಮ ಕಡೆ ಬಸವ್ವ, ಗಂಗವ್ವ, ನೀಲವ್ವ ಎಲ್ಲ ಹೋದರು. ನನ್ನ ಮಗಳಿಗೆ ಅವಳ ಮುತ್ತಜ್ಜಿಯ ಹೆಸರಿಡೋಣ ಅಂದರೆ ಮನೆಯವರು ಯಾರೂ ಒಪ್ಪಲಿಲ್ಲ. ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಒಂದು ಸಲ ನೀಲವ್ವ ಅಂದೆ. ಅಷ್ಟೇ. ದಾಖಲೆಯಲ್ಲಿ ಬೇರೆ ಹೆಸರು. ಅದಕ್ಕೇ ಹೇಳುತ್ತೇನೆ, ಆಸೆ ಇದ್ದರೆ ದಾಖಲೆಯಲ್ಲೇ ಇಡಿ. ಕಿವಿಯಲ್ಲಿ ಹೇಳಿದ್ದು ನನಗೆ ಬಿಟ್ಟು ಇನ್ನಾರಿಗೂ ನೆನಪಿಲ್ಲ.

ಡಬ್ಲಿನ್ ಶ್ರೀಧರ:

ಸಂಪ್ರದಾಯದ ಮಾತು ಬಂತು ಅಂತ ಒಂದು ವಿಷಯ. ಐರ್ಲೆಂಡಿನಲ್ಲೂ ನಮ್ಮ ಹಾಗೇ ಹಿರಿಯರ ಹೆಸರಿಡುವ ಕ್ರಮ ಇತ್ತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ಎರಡನೇ ಮಗಳಿಗೆ ಅಪ್ಪನ ಅಮ್ಮನ ಹೆಸರು. ಎಲ್ಲ ಮನೆಯಲ್ಲೂ ತಪ್ಪದೆ ನಡೆಯುತ್ತಿರಲಿಲ್ಲ, ಆದರೂ ಹಳೇ ದಾಖಲೆಗಳಲ್ಲಿ ಇದು ಎದ್ದು ಕಾಣುತ್ತದೆ. 1901 ಮತ್ತು 1911ರ ಜನಗಣತಿಯ ಹಾಳೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮವರ ಊರಿನ ಹೆಸರು ಹಾಕಿ ನೋಡಿ. ಮನೆಗೊಬ್ಬಳು ಬ್ರಿಜೆಟ್ ಸಿಗುತ್ತಾಳೆ.

ಹಾಗೆ ನೋಡಿದರೆ ಐರಿಷ್ ಸಂಪ್ರದಾಯದ ಪ್ರಕಾರ ನಿಮ್ಮ ಮಗಳಿಗೆ ಇಡಬೇಕಾದದ್ದು ತೀರ್ಥಹಳ್ಳಿಯ ನಿಮ್ಮ ತಾಯಿಯ ಹೆಸರು!

ತೀರ್ಥಹಳ್ಳಿ ಹುಡುಗಿ:

ಶ್ರೀಧರ್ ಅವರೇ, ಇದನ್ನು ಓದಿ ಐದು ನಿಮಿಷ ಹಾಗೇ ಕೂತಿದ್ದೆ. ನಮ್ಮಮ್ಮನ ಹೆಸರು ಗೌರಿ. ಅಮ್ಮ ಒಂದು ದಿನವೂ ತನ್ನ ಹೆಸರಿಡು ಅಂತ ಕೇಳಿಲ್ಲ. ನಾನೂ ಯೋಚಿಸಿರಲಿಲ್ಲ.

ಜನಗಣತಿ ನೋಡಿದೆವು. ಗಂಡನ ಮುತ್ತಜ್ಜಿಯೂ ಬ್ರಿಜೆಟ್. ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಮಾತಾಡುವ ಭಾಷೆ ಅನ್ನುವ ಖಾನೆಯಲ್ಲಿ ಮಾತ್ರ ಐರಿಷ್ ಅಂತಿದೆ. ಮನೆಯಲ್ಲಿ ಒಂದು ಹೆಸರು, ಸರ್ಕಾರದ ಹಾಳೆಯಲ್ಲಿ ಇನ್ನೊಂದು.

ನಂಜನಗೂಡು ರಸಬಾಳೆ:

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ತಮ್ಮ ಭಾಷೆ ಕಳೆದುಕೊಂಡ ನೋವು ಐರಿಷರಿಗೆ ಚೆನ್ನಾಗಿ ಗೊತ್ತು. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಿದ್ದರು. ಆಗ ಕುವೆಂಪು ಇನ್ನೂ ವಿದ್ಯಾರ್ಥಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವನ್ನು ಕಸಿನ್ಸ್‌ಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಹೇಳಿದರು. ನಮ್ಮ ತೀರ್ಥಹಳ್ಳಿಯ ಹುಡುಗಿಗೆ ಇದು ಗೊತ್ತಿರುತ್ತದೆ, ಅವರದೇ ಊರಿನವರಲ್ಲವೇ!

ತೀರ್ಥಹಳ್ಳಿ ಹುಡುಗಿ:

ಗೊತ್ತಿಲ್ಲದೆ ಇರುತ್ತದಾ! ಮದುವೆಗೆ ಮೊದಲು ಅಪ್ಪ ನನ್ನ ಗಂಡನಿಗೆ ಹೇಳಿದ ಮೊದಲ ಕತೆಯೇ ಅದು. “ನಿಮ್ಮವರೊಬ್ಬರಿಗೆ ನಾವು ಋಣಿ” ಅಂದಿದ್ದರು.

ಹಾಸನದ ರವಿ:

ಸರಿ, ನಾಯಿ ತಳಿ ಮಾತು ವಾಪಸ್. ಬಿಡ್ಡಿ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ವಾದ ಉಳಿದಿದೆ. ಅತ್ತೆಗೆ ಆ ಹೆಸರು ನೋವು ಕೊಡುತ್ತದೆ ಅಂದರೆ, ದಿನಕ್ಕೆ ನೂರು ಸಲ ಮೊಮ್ಮಗಳನ್ನು ಕರೆಯುವಾಗ ನೂರು ಸಲ ಚುಚ್ಚಿದ ಹಾಗೆ ಆಗಲ್ವಾ? ಬದುಕಿರುವವರ ಮನಸ್ಸು ಮೊದಲು.

ಲಿಮರಿಕ್ ಶೋಭಾ:

ಇದು ನ್ಯಾಯವಾದ ಪ್ರಶ್ನೆ. ಆದರೆ ಅವರ ಮನಸ್ಸು ಏನು ಅಂತ ನಾವು ಇಲ್ಲಿ ಕೂತು ನಿರ್ಧರಿಸೋದು ಬೇಡ. ಅವರನ್ನೇ ಕೇಳಲಿ.

ಕಾರ್ಕ್ ಕಿರಣ್:

ಹೆಸರಿಗೆ ಈಗ ಒಳ್ಳೇ ಕಾಲ ಬರುತ್ತಿದೆ ಅನ್ನೋದನ್ನೂ ಅತ್ತೆಗೆ ಹೇಳಿ. 2023ರಿಂದ ಬ್ರಿಜಿಡ್ ಹಬ್ಬಕ್ಕೆ ದೇಶದಲ್ಲೆಲ್ಲ ಸರ್ಕಾರಿ ರಜೆ. ಈ ದೇಶದಲ್ಲಿ ಹೆಂಗಸಿನ ಹೆಸರಿನಲ್ಲಿ ಬಂದ ಮೊದಲ ರಜೆ ಅದು. ಕಿಲ್ಡೇರ್‌ನಲ್ಲಿ ಒಂದು ದೀಪ ಇದೆ. ಹಿಂದೆ 19 ಸನ್ಯಾಸಿನಿಯರು ದಿನಕ್ಕೊಬ್ಬರಂತೆ ಅದನ್ನು ಕಾಯುತ್ತಿದ್ದರಂತೆ, ಇಪ್ಪತ್ತನೇ ರಾತ್ರಿ ಬ್ರಿಜಿಡ್ ತಾನೇ ಕಾಯುತ್ತಿದ್ದಳಂತೆ. ನಂದಾದೀಪವೇ ಅಲ್ವಾ. ನೂರಾರು ವರ್ಷ ಆರಿಹೋಗಿತ್ತು. 1993ರಲ್ಲಿ ಮತ್ತೆ ಹಚ್ಚಿದರು.

ರಜೆಯ ದಿನ ನಾವು ಕ್ಲೇರ್‌ನ ಲಿಸ್ಕ್ಯಾನರ್ ಹತ್ತಿರ ಇರುವ ಅವಳ ಬಾವಿಗೆ ಹೋಗಿದ್ದೆವು. ಬಾವಿಗೆ ಹೋಗುವ ಕಲ್ಲಿನ ಓಣಿಯ ಎರಡೂ ಕಡೆ ಜಾಗವೇ ಇಲ್ಲ. ಜಪಮಾಲೆ, ಮಕ್ಕಳ ಫೋಟೋ, ತೀರಿಕೊಂಡವರ ಚೀಟಿ, ಬಟ್ಟೆ ತುಂಡು. ನನ್ನ ಹೆಂಡತಿ ಒಳಗೆ ಕಾಲಿಟ್ಟವಳೇ ಚಪ್ಪಲಿ ಬಿಟ್ಟಳು. ಯಾರೂ ಹೇಳಿರಲಿಲ್ಲ.

ಕುಡ್ಲದ ಪ್ರೀತಿ:

ಆ ಜೊಂಡಿನ ಶಿಲುಬೆ ಐರಿಷ್ ಟಿವಿಯ ಗುರುತೂ ಆಗಿತ್ತು ಅಂತ ನನ್ನ ಅಣ್ಣ ಹೇಳುತ್ತಿದ್ದ, ನಿಜವಾ?

ಡಬ್ಲಿನ್ ಶ್ರೀಧರ:

ನಿಜ. 1961ರ ಕೊನೆಯಲ್ಲಿ ಟಿವಿ ಶುರುವಾದಾಗಿನಿಂದ 1995ರ ತನಕ.

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ಹೇಳಲೇಬೇಕು. ನಿನ್ನೆ ಅತ್ತೆಯ ಹತ್ತಿರ ಮಾತಾಡಿದೆ.

ಶೋಭಾ ಅಕ್ಕ ಹೇಳಿದ್ದು ಸರಿ. ಅಜ್ಜಿ ಹತ್ತೊಂಬತ್ತನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಒಂದು ದೊಡ್ಡ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಅತ್ತೆ ಹುಟ್ಟಿದ್ದೂ ಅಲ್ಲೇ. ಶಾಲೆ ಬಿಟ್ಟ ಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಕಾಯುತ್ತಿದ್ದರಂತೆ. ಒಳಗಿಂದ ದಿನಾ ಕೇಳಿಸುತ್ತಿತ್ತಂತೆ, “ಬಿಡ್ಡಿ, ಇದನ್ನು ತೆಗಿ. ಬಿಡ್ಡಿ, ಕಿವುಡಾ ನಿನಗೆ?” ಅಂತ. ಅಲ್ಲಿದ್ದ ಐರಿಷ್ ಹೆಂಗಸರೆಲ್ಲ ಬಿಡ್ಡಿಗಳೇ. ಅಜ್ಜಿ ಒಂದು ಸಲವೂ ತಿರುಗಿ ಹೇಳಲಿಲ್ಲವಂತೆ. ಹೊರಗೆ ಬಂದು ಏಪ್ರನ್ ಬಿಚ್ಚಿ, ಮಗಳ ಕೈ ಹಿಡಿದು, ಬಸ್ಸಿನ ತನಕ ಐರಿಷಿನಲ್ಲಿ ಮಾತಾಡುತ್ತಾ ಬರುತ್ತಿದ್ದರಂತೆ. “ನಾನು ಅಮ್ಮನ ಪರವಾಗಿ ಒಳಗೆ ಹೋಗಿ ಕೂಗಬೇಕಿತ್ತು. ಎಂಟು ವರ್ಷದವಳು ನಾನು, ಹೋಗಲಿಲ್ಲ” ಅಂದರು. ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ಇದನ್ನು ತಮ್ಮ ಮಗನಿಗೂ ಹೇಳಿರಲಿಲ್ಲ. ನನ್ನ ಗಂಡ ಅಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ನಾನು ಕೋಲಾರದ ಅಣ್ಣ ಬರೆದ ಮುನಿಯಮ್ಮನ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ರಾಗಿ ಹೊಲ ಅಂದರೆ ಏನು ಅಂತ ಕೇಳಿದರು. ಅದನ್ನೂ ಹೇಳಿದೆ.

ಆಮೇಲೆ ನೇರವಾಗಿ ಕೇಳಿದೆ, “ನಿಮಗೆ ಬೇಡ ಅಂದರೆ ಇಡಲ್ಲ.” ಅವರು ಎದ್ದು ಒಳಗೆ ಹೋದರು. ಮುನಿಸಿಕೊಂಡರು ಅಂತ ನಾನು ಹೆದರಿದೆ. ಬಂದಾಗ ಕೈಯಲ್ಲಿ ಮಡಚಿದ ಒಂದು ಬಿಳಿ ಬಟ್ಟೆ. ಅಂಚು ಹಳದಿಯಾಗಿದೆ. ಅದಕ್ಕೆ ಬ್ರಿಜಿಡ್‌ಳ ಬಟ್ಟೆ ಅಂತಾರೆ. ಜನವರಿ 31ರ ರಾತ್ರಿ ಹೊರಗೆ ಬೇಲಿಯ ಮೇಲೆ ಹಾಕುತ್ತಾರೆ. ಆ ರಾತ್ರಿ ಅವಳು ಹಾದುಹೋಗುವಾಗ ಮುಟ್ಟುತ್ತಾಳಂತೆ. ತಲೆನೋವು ಬಂದರೆ ಹಣೆಗೆ ಕಟ್ಟುತ್ತಾರೆ, ಹೆರಿಗೆಯಾಗುವಾಗ ಹತ್ತಿರ ಇಟ್ಟುಕೊಳ್ಳುತ್ತಾರೆ. ಇದು ಅಜ್ಜಿಯದು. ಅಜ್ಜಿ ಹೋದ ಮೇಲೂ ಅತ್ತೆ ಎರಡು ವರ್ಷ ಅದನ್ನು ಯಾರಿಗೂ ಹೇಳದೆ ಬೇಲಿಗೆ ಹಾಕಿದ್ದಾರೆ. ಏಪ್ರಿಲ್‌ಗೆ ಬ್ಯಾಗಿನಲ್ಲಿ ಇಟ್ಟುಕೊ ಅಂದರು. ಒಂದೇ ಷರತ್ತು ಹಾಕಿದರು. “ಯಾರೇ ಆಗಲಿ ಚಿಕ್ಕದು ಮಾಡಿ ಕರೆದರೆ ತಿದ್ದಬೇಕು. ಮೊದಲ ದಿನವೇ ತಿದ್ದಬೇಕು.”

ಬ್ರೀಡ್ ಗೌರಿ ಅಂತ ಇಡುತ್ತಿದ್ದೇವೆ.

ಕೋಲಾರದ ಚಿನ್ನಮ್ಮನ ಮೊಮ್ಮಗ:

ಅಕ್ಕಾ, ನಮ್ಮಜ್ಜಿ ಗಾಲ್ವೇ ತನಕ ಹೋದರಲ್ಲ. ಇವತ್ತು ಅಮ್ಮನಿಗೆ ಇದನ್ನು ಓದಿ ಹೇಳುತ್ತೇನೆ.

ಹಾಸನದ ರವಿ:

ನನ್ನ ಎಲ್ಲ ವಾದವೂ ವಾಪಸ್. ಬ್ರೀಡ್ ಗೌರಿಗೆ ಒಳ್ಳೆಯದಾಗಲಿ. ಕರೆದುಕೊಂಡು ಬನ್ನಿ, ಯಾರು ರೇಗಿಸುತ್ತಾರೋ ನೋಡೋಣ.

ಪದಗಳ ಬೆನ್ನುಹತ್ತಿ:

ಒಂದು ವಿನಂತಿ. ಐರಿಷಿನಲ್ಲಿ ಬರೆಯುವಾಗ ಐ ಅಕ್ಷರದ ಮೇಲಿನ ಗೆರೆ ಬಿಡಬೇಡಿ. ಅದಕ್ಕೆ ‘ಫಾದಾ’ ಅಂತಾರೆ. ಫಾದಾ ಅಂದರೆ ಉದ್ದ. ನಮ್ಮ ದೀರ್ಘವೇ. ಅದಿಲ್ಲದಿದ್ದರೆ ಬ್ರೀಡ್ ಹೋಗಿ ಬ್ರಿಡ್ ಆಗುತ್ತದೆ.

ಲಿಮರಿಕ್ ಶೋಭಾ:

ಹೌದು, ಹುಟ್ಟಿದ ಮೂರು ತಿಂಗಳೊಳಗೆ ನೋಂದಣಿ ಮಾಡಿಸಬೇಕು. ಅಲ್ಲಿ ಫಾದಾ ಹಾಕಿದ್ದಾರಾ ಅಂತ ಸಹಿ ಹಾಕುವ ಮೊದಲು ನೋಡಿಕೊಳ್ಳಿ. ಐರಿಷ್ ಪಾಸ್‌ಪೋರ್ಟಿನಲ್ಲಿ ಹೆಸರಿನ ಸಾಲಿನಲ್ಲಿ ಬರುತ್ತದೆ, ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಮಾತ್ರ ಬರಲ್ಲ. ಅದಕ್ಕೆ ಗಾಬರಿಯಾಗಬೇಡಿ. ಆಸ್ಪತ್ರೆಯ ಕೈಪಟ್ಟಿಯಲ್ಲಿ ಬಿಟ್ಟಿದ್ದರೆ ಪೆನ್ನಿನಲ್ಲಿ ಹಾಕಿಸಿ. ನಾನು ನರ್ಸ್, ಹೇಳಿದರೆ ಹಾಕುತ್ತಾರೆ.

ಸಾಧನಕೇರಿ ಸುಮಾ:

ನಿಮ್ಮ ತಾಯಿಗೆ ಹೇಳಿದಿರೇನು? ಏನಂದರು?

ತೀರ್ಥಹಳ್ಳಿ ಹುಡುಗಿ:

ಈಗಷ್ಟೇ ಫೋನ್ ಇಟ್ಟೆ. ತನ್ನ ಹೆಸರು ಸೇರಿದ್ದಕ್ಕೆ ಮೊದಲು “ಅಯ್ಯೋ, ಅದೆಲ್ಲ ಯಾಕೆ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಅವಳು ಆ ಕಡೆ ಮೆಲ್ಲಗೆ ಹೆಸರು ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಳು. ಬ್ರೀದು, ಬ್ರೀಜು, ಬ್ರೀಡು. ಕೊನೆಗೆ, “ಬ್ರೀಡಮ್ಮ ಅಂತ ಕರೀತೀನಿ, ನಿಮ್ಮತ್ತೆ ಏನೂ ಅಂದುಕೊಳ್ಳಲ್ಲ ತಾನೇ?” ಅಂತ ಕೇಳಿದಳು.

ಅತ್ತೆಗೆ ಹೇಳಿದೆ. ಚಿಕ್ಕದು ಮಾಡಿದ್ದಲ್ಲ, ಉದ್ದ ಮಾಡಿದ್ದು, ಕೊನೆಗೆ ‘ಅಮ್ಮ’ ಸೇರಿಸಿದ್ದು ಅಂತ ವಿವರಿಸಿದೆ. ಒಂದು ಚೀಟಿ ತಂದು ನನ್ನ ಕೈಯಲ್ಲಿ ಬರೆಸಿಕೊಂಡರು. ಫ್ರಿಜ್ ಮೇಲೆ ಅಂಟಿಸಿದ್ದಾರೆ.